ಸಾಕಿದ ಮೊಲ, ಬರೆದ ಮೊಲ: ಬಿಯಾಟ್ರಿಕ್ಸ್ ಪಾಟರ್ ಕೃತಿಯಲ್ಲಿ ಉಳಿದದ್ದು, ಬಿಟ್ಟದ್ದು

ಅಕ್ಕರೆಯಿಂದ ಸಾಕಿದ ಪ್ರಾಣಿಯೊಂದು ಮಕ್ಕಳ ಪುಸ್ತಕವಾಗುವಾಗ ಅದರಲ್ಲಿ ಪುಟಕ್ಕೆ ಇಳಿಯುವುದೇನು, ಮನೆಯಲ್ಲೇ ಉಳಿಯುವುದೇನು? ಈ ಪ್ರಶ್ನೆಯನ್ನು ಪರಿಶೀಲಿಸಲು ಬಿಯಾಟ್ರಿಕ್ಸ್ ಪಾಟರ್ (1866–1943) ಅವರ ‘ದಿ ಟೇಲ್ ಆಫ್ ಪೀಟರ್ ರ್ಯಾಬಿಟ್’ಗಿಂತ ಒಳ್ಳೆಯ ಆಕರ ಸಿಗುವುದು ಕಷ್ಟ. ಸಾಕಿದ ಮೊಲ, ಅದನ್ನು ನೋಡಿ ಬರೆದ ಚಿತ್ರಗಳು, ಕಥೆ ಮೊದಲು ಮೂಡಿದ ಪತ್ರ, ಖಾಸಗಿ ಮುದ್ರಣ, ಮಾರುಕಟ್ಟೆಗೆ ಬಂದ ಆವೃತ್ತಿ ಇಷ್ಟೂ ಹಂತಗಳಿಗೆ ದಾಖಲೆಗಳಿವೆ. ಮುದ್ದಿನ ಮೊಲದ ಮೇಲಿನ ಪ್ರೀತಿಯೇ ಪುಸ್ತಕವಾಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ದಾಖಲೆಗಳನ್ನು ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಬೇರೆ ಚಿತ್ರ ಕಾಣುತ್ತದೆ. ಮೊಲದ ಮೈಕಟ್ಟನ್ನು ಪಾಟರ್ ಇಡಿಯಾಗಿ ಪುಸ್ತಕಕ್ಕೆ ತಂದರು. ಅದರ ಸಾಕುಬದುಕನ್ನು ಹೊರಗಿಟ್ಟರು. ಕೃತಿಯ ಶಕ್ತಿ ಈ ಆಯ್ಕೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಮಾದರಿಯಾದ ಮೊಲಗಳು

ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ಮನೆಯಲ್ಲಿ ಬಿಯಾಟ್ರಿಕ್ಸ್ ಮತ್ತು ತಮ್ಮ ಬರ್ಟ್ರಮ್ ಮೊಲ, ಇಲಿ, ಕಪ್ಪೆ, ಬಾವಲಿಗಳನ್ನು ಸಾಕಿದ್ದರು. ಸತ್ತ ಪ್ರಾಣಿಗಳನ್ನು ಬೇಯಿಸಿ ಎಲುಬು ಬಿಡಿಸಿ, ಅಸ್ಥಿಪಂಜರವನ್ನು ಮತ್ತೆ ಜೋಡಿಸಿ ಚಿತ್ರ ಬರೆಯುತ್ತಿದ್ದರು. ಮುದ್ದು ಮತ್ತು ಶೋಧ ಅಲ್ಲಿ ಒಂದೇ ಮೇಜಿನ ಮೇಲೆ ನಡೆಯುತ್ತಿದ್ದವು. 1890ರಲ್ಲಿ ಬೆಂಜಮಿನ್ ಬೌನ್ಸರ್ ಎಂಬ ಮೊಲವನ್ನು ನೋಡಿ ಬರೆದ ಶುಭಾಶಯಪತ್ರದ ಚಿತ್ರಗಳಿಗೆ ಹಿಲ್ಡೆಶೈಮರ್ ಅಂಡ್ ಫಾಕ್ನರ್ ಸಂಸ್ಥೆಯಿಂದ ಆರು ಪೌಂಡ್ ಬಂತು. ಸಂಕೇತಲಿಪಿಯಲ್ಲಿ ಬರೆದ ದಿನಚರಿಯಲ್ಲಿ (ಲೆಸ್ಲಿ ಲಿಂಡರ್ ಅದನ್ನು ಬಿಡಿಸಿದ್ದು 1958ರಲ್ಲಿ) ಈ ಮೊಲದ ಸ್ವಭಾವವನ್ನು ಪಾಟರ್ ನಿರ್ದಾಕ್ಷಿಣ್ಯವಾಗಿ ಗುರುತಿಸಿದ್ದಾರೆ: ಈ ಗಳಿಗೆಯಲ್ಲಿ ಅತಿಮುದ್ದು, ಮರುಗಳಿಗೆ ಬಟ್ಟಲೊಂದು ಉರುಳಿದರೆ ಕೆರಳಿ ರಂಪ.

ನಂತರ ಬಂದದ್ದು ಪೀಟರ್ ಪೈಪರ್. ಶೆಫರ್ಡ್ಸ್ ಬುಷ್‌ನಲ್ಲಿ ನಾಲ್ಕೂವರೆ ಶಿಲ್ಲಿಂಗಿಗೆ ಕೊಂಡ ಈ ಮೊಲ ಬಳೆಯೊಳಗಿಂದ ಜಿಗಿಯುವುದು, ಗಂಟೆ ಬಾರಿಸುವುದು ಮುಂತಾದ ಆಟಗಳನ್ನು ಕಲಿತಿತ್ತು. ಸಾಕಿದವರು ಬಂದವರೆದುರು ಮೆಚ್ಚಿ ಹೇಳಿಕೊಳ್ಳುವಂಥ ಸಂಗತಿಗಳಿವು. ಪುಸ್ತಕದಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಪತ್ರದಿಂದ ಪುಸ್ತಕಕ್ಕೆ

1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಡನ್‌ಕೆಲ್ಡ್‌ನಿಂದ ಪಾಟರ್ ತಮ್ಮ ಹಿಂದಿನ ಶಿಕ್ಷಕಿ ಆ್ಯನಿ ಮೂರ್ ಅವರ ಐದು ವರ್ಷದ ಮಗ ನೋಯಲ್‌ಗೆ ಚಿತ್ರಪತ್ರವೊಂದನ್ನು ಬರೆದರು. ಹುಡುಗ ಕಾಯಿಲೆ ಬಿದ್ದು ಮಲಗಿದ್ದ. ನಾಲ್ಕು ಮರಿಮೊಲಗಳ ಈ ಕಥೆಯ ಕೊನೆಯಲ್ಲಿ ಪೀಟರನೂ ಹುಷಾರಿಲ್ಲದೆ ಹಾಸಿಗೆ ಹಿಡಿಯುತ್ತಾನೆ, ಅಮ್ಮ ಕೊಟ್ಟ ಕ್ಯಾಮೊಮೈಲ್ ಕಷಾಯ ಕುಡಿಯುತ್ತಾನೆ. ಮೊಲದ ಮೈ ಪಾಟರ್ ಮನೆಯದಾದರೆ, ಕಥೆಯ ಮುಕ್ತಾಯ ಕೇಳುಗನ ಹಾಸಿಗೆಗೆ ಹೊಂದಿದ್ದು ಎನ್ನಲು ಇದು ಆಧಾರ.

ಕೆಲವು ವರ್ಷಗಳ ಬಳಿಕ ನೋಯಲ್‌ನಿಂದ ಪತ್ರವನ್ನು ಎರವಲು ಪಡೆದು ಪಾಟರ್ ಕಥೆಯನ್ನು ಹಿಗ್ಗಿಸಿದರು. ಹಲವು ಪ್ರಕಾಶಕರು ಒಲ್ಲೆ ಎಂದಾಗ 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚುಹಾಕಿಸಿದರು. ಮುಖಚಿತ್ರವೊಂದನ್ನು ಬಿಟ್ಟು ಉಳಿದವು ಕಪ್ಪುಬಿಳುಪು. ಫ್ರೆಡರಿಕ್ ವಾರ್ನ್ ಸಂಸ್ಥೆ ಎಲ್ಲ ಚಿತ್ರಗಳೂ ಬಣ್ಣದಲ್ಲಿರಬೇಕೆಂದಿತು. ಮೊಲದ ಕಂದು, ಗಿಡದ ಹಸಿರು ಇವೆರಡೇ ತುಂಬಿದ ಚಿತ್ರಗಳು ಬಣ್ಣದಲ್ಲಿ ಸಪ್ಪೆಯಾದಾವೆಂದು ಪಾಟರ್ ಮೊದಲು ಹಿಂಜರಿದರು. ಕೊನೆಗೆ ಜಲವರ್ಣದಲ್ಲಿ ಮತ್ತೆ ಬರೆದರು. ತ್ರಿವರ್ಣ ಮುದ್ರಣದ ಆ ಆವೃತ್ತಿ 1902ರ ಅಕ್ಟೋಬರಿನಲ್ಲಿ ಹೊರಬಂತು.

ಈ ನಡುವೆ, 1901ರ ಜನವರಿ 26ರಂದು, ಪೀಟರ್ ಪೈಪರ್ ಸತ್ತಿತ್ತು. ಖಾಸಗಿ ಮುದ್ರಣದ ಒಂದು ಪ್ರತಿಯಲ್ಲಿ ಪಾಟರ್ ಅದರ ನೆನಪಿಗೆ ನಾಲ್ಕು ಮಾತು ಬರೆದಿಟ್ಟಿದ್ದಾರೆ. ಬುದ್ಧಿ, ತುಪ್ಪಳ, ಕಿವಿಗಳಲ್ಲಿ ಕೊರತೆಯಿದ್ದರೂ ಅದರ ಸ್ವಭಾವ ಸದಾ ಸೌಮ್ಯವಾಗಿತ್ತು ಎಂಬುದು ಅದರ ಸಾರ. ಗಮನಿಸಬೇಕಾದ ಅಂಶಗಳು ಎರಡು: ಈ ಶ್ರದ್ಧಾಂಜಲಿ ಕೈಬರಹದಲ್ಲಿದೆ, ಅಚ್ಚಿನ ಕಥೆಯ ಭಾಗವಲ್ಲ, ಅದು ಹೊಗಳುವ ಸೌಮ್ಯ ಮೊಲಕ್ಕೂ ಅಮ್ಮನ ಮಾತು ಮೀರಿ ತೋಟಕ್ಕೆ ನುಗ್ಗುವ ತುಂಟ ಪೀಟರನಿಗೂ ಸ್ವಭಾವದಲ್ಲಿ ಹೋಲಿಕೆಯಿಲ್ಲ.

ಬೂಟು, ಕೋಟು, ನಾಲ್ಕು ಕಾಲು

ಕಥೆಯ ಪೀಟರನನ್ನು ಯಾರೂ ಸಾಕಿಲ್ಲ. ಅವನು ಮರದ ಬುಡದ ಬಿಲದಲ್ಲಿ ತಾಯಿಯೊಡನೆ ಇರುವವನು. ತೋಟದ ಮೆಕ್‌ಗ್ರೆಗರ್ ಶತ್ರು. ಪೀಟರನ ಅಪ್ಪ ಅವರ ಮನೆಯ ಪೈಯೊಳಗೆ ಬೆಂದುಹೋದವನು. ಮನುಷ್ಯರು ಮೊಲವನ್ನು ಮುದ್ದಿಸುವ ಒಂದೇ ಒಂದು ಗಳಿಗೆಯೂ ಇಲ್ಲಿಲ್ಲ. ಸಾಕಿದವರ ಮಡಿಲು ಇದ್ದಿದ್ದರೆ ಅಪಾಯಕ್ಕೆ ಅರ್ಥವಿರುತ್ತಿರಲಿಲ್ಲ.

ಉಡುಪಿನ ನಿರ್ವಹಣೆಯೂ ಇದನ್ನೇ ಹೇಳುತ್ತದೆ. ಕೋಟು, ಬೂಟು ತೊಟ್ಟಾಗ ಪೀಟರ್ ಎರಡು ಕಾಲಿನ ಮೇಲೆ ನಿಂತ ಹುಡುಗ. ಬೂಟು ಕಳಚಿದ ಮೇಲೆ ನಾಲ್ಕು ಕಾಲಲ್ಲಿ ಓಡುತ್ತಾನೆ, ವೇಗ ಹೆಚ್ಚುತ್ತದೆ. ಗೂಸ್‌ಬೆರಿ ಗಿಡಕ್ಕೆ ಹೊದಿಸಿದ ಬಲೆಯಲ್ಲಿ ಕೋಟಿನ ಗುಂಡಿ ಸಿಕ್ಕಿಕೊಂಡಾಗ ಕೋಟನ್ನು ಬಿಟ್ಟೇ ಪಾರಾಗುತ್ತಾನೆ. ಮೆಕ್‌ಗ್ರೆಗರ್ ಅದನ್ನು ಬೆರ್ಚಪ್ಪನಿಗೆ ತೊಡಿಸುತ್ತಾನೆ. ಕೋಟು ಕಳಚಿದಾಗ ಕಾಣುವ ಬೆನ್ನು, ತೊಡೆ, ಕಿವಿಯ ಓರೆ ಇವು ವರ್ಷಗಟ್ಟಲೆ ಮೊಲವನ್ನು ನೋಡಿದ ಕೈಯವು. ಪಂಚತಂತ್ರದ ನರಿ ಒಂದು ಗುಣದ ಪ್ರತಿನಿಧಿ. ಅದರ ಮೈಯ ವಿವರ ಕಥೆಗೆ ಬೇಕಿಲ್ಲ. ಇಲ್ಲಿ ಪ್ರಾಣ ಉಳಿಯುವುದೇ ಮೈಯ ಚುರುಕಿನಿಂದ, ಆದ್ದರಿಂದ ಚಿತ್ರ ತಪ್ಪಿದರೆ ಕಥೆಯೂ ತಪ್ಪುತ್ತದೆ.

ಮುಂದಿನ ಕೃತಿಯೊಂದು ಈ ವಿಂಗಡಣೆಯನ್ನು ದೃಢಪಡಿಸುತ್ತದೆ. 1905ರ ‘ಮಿಸೆಸ್ ಟಿಗ್ಗಿ-ವಿಂಕಲ್’ನ ಮೈ ಪಾಟರ್ ಸಾಕಿದ ಹೆಜ್‌ಹಾಗ್‌ನದು, ನಡೆನುಡಿ ಡಾಲ್ಗೈಸ್‌ನಲ್ಲಿ ಅವರು ಬಲ್ಲ ಅಗಸಗಿತ್ತಿ ಕಿಟ್ಟಿ ಮೆಕ್‌ಡೊನಾಲ್ಡ್‌ಳದು. ಬಹಳ ಹೊತ್ತು ನಿಲ್ಲಿಸಿದರೆ ಆ ಪ್ರಾಣಿ ಆಕಳಿಸಿ ಆಮೇಲೆ ಕಚ್ಚುತ್ತಿದ್ದುದರಿಂದ, ಬಟ್ಟೆಯ ಮಡಿಕೆಗಳನ್ನು ಬರೆಯಲು ಹತ್ತಿಯ ಬೊಂಬೆಗೆ ಉಡುಪು ತೊಡಿಸಿಕೊಂಡಿದ್ದರು. 1904ರ ‘ಬೆಂಜಮಿನ್ ಬನ್ನಿ’ ಮಾತ್ರ ಭಾಗಶಃ ಅಪವಾದ: ಅಲ್ಲಿನ ಅಳುಕಿನ ಪೀಟರ್, ಎಗ್ಗಿಲ್ಲದ ಬೆಂಜಮಿನ್ ಇಬ್ಬರಲ್ಲೂ ನಿಜದ ಮೊಲಗಳ ಸ್ವಭಾವದ ನೆರಳಿದೆ. ಅಲ್ಲೂ ಆ ಸ್ವಭಾವ ಬರುವುದು ಎರಡು ಪಾತ್ರಗಳ ನಡುವಿನ ವ್ಯತ್ಯಾಸವಾಗಿ, ಕಥೆಗೆ ಬೇಕಾದಷ್ಟೇ.

ಉಪಸಂಹಾರ

ಪಾಟರ್ ಅವರಲ್ಲಿ ಪ್ರೀತಿ ಕೆಲಸ ಮಾಡಿದ್ದು ನೋಟದ ಮಟ್ಟದಲ್ಲಿ. ಅದು ಅವರನ್ನು ಒಂದೇ ಪ್ರಾಣಿಯ ಮುಂದೆ ವರ್ಷಗಟ್ಟಲೆ ಕೂರಿಸಿತು. ಕಥೆ ಕಟ್ಟುವಾಗ ಮಾತ್ರ ಅವರು ಕೇಳುವ ಮಗುವಿನ ಕಡೆ ನಿಂತರು. ನಮ್ಮ ಮಕ್ಕಳ ಸಾಹಿತ್ಯದ ವಿಮರ್ಶೆಗೆ ಇಲ್ಲಿಂದ ಒಂದು ಅಳತೆ ದೊರೆಯುತ್ತದೆ. ಮನೆಯ ನಾಯಿ, ಬೆಕ್ಕುಗಳ ಕುರಿತ ಪುಸ್ತಕ ಕೈಗೆ ಬಂದಾಗ ಲೇಖಕರು ಆ ಪ್ರಾಣಿಯನ್ನು ಎಷ್ಟು ಪ್ರೀತಿಸಿದರೆಂದು ಕೇಳುವುದಕ್ಕಿಂತ, ಆ ಪ್ರೀತಿಯಲ್ಲಿ ಎಷ್ಟನ್ನು ಕಥೆಗಾಗಿ ಬಿಟ್ಟುಕೊಟ್ಟರೆಂದು ಕೇಳುವುದು ಹೆಚ್ಚು ಫಲಕಾರಿ.