ಸೂರತ್ ಬಾಗಿಲಿನ ಜಕಾತಿ

1852ರಲ್ಲಿ ಪುರಸಭೆ ಸ್ಥಾಪನೆಯಾಗುವ ಹೊತ್ತಿಗೆ ಸೂರತ್‌ನ ಒಳ್ಳೆಯ ದಿನಗಳು ಮುಗಿದಿದ್ದವು. ಮೊಗಲರ ಕಾಲದ ಆ ದೊಡ್ಡ ಬಂದರಿನ ವ್ಯಾಪಾರ ಬಹುಪಾಲು ಮುಂಬಯಿ ಪಾಲಾಗಿತ್ತು. 1837ರ ಏಪ್ರಿಲ್‌ನ ಬೆಂಕಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಅದೇ ಮಳೆಗಾಲದಲ್ಲಿ ತಾಪಿ ಉಕ್ಕಿ ಊರಿಗೆ ನುಗ್ಗಿತು. ಇಂಥ ಊರಿಗೆ ರಸ್ತೆ ಆಗಬೇಕು, ದೀಪ ಬೇಕು, ಕಸ ಎತ್ತಬೇಕು. ದುಡ್ಡು ಯಾರದು?

ಬಂಗಾಳದಲ್ಲಿ 1842ರ ಒಂದು ಕಾಯ್ದೆ ಮನೆಗಳ ಮೇಲೆ ನೇರ ತೆರಿಗೆ ಹಾಕಲು ನೋಡಿತ್ತು. ಅದು ಜಾರಿಗೆ ಬಂದ ಒಂದೇ ಒಂದು ಊರಿನಲ್ಲಿ ಜನ ತೆರಿಗೆ ಕೊಡಲಿಲ್ಲ. ವಸೂಲಿಗೆ ಬಂದ ಕಲೆಕ್ಟರನ ಮೇಲೆಯೇ ಅತಿಕ್ರಮಣದ ಮೊಕದ್ದಮೆ ಹೂಡಿದರು. ಪಾಠ ಕಲಿತ ಸರ್ಕಾರ 1850ರ 26ನೇ ಕಾಯ್ದೆಯನ್ನು ಜಾಣತನದಿಂದ ಹೊಸೆಯಿತು. ಊರಿನವರು ಕೇಳಿಕೊಂಡರೆ ಮಾತ್ರ ಪುರಸಭೆ. ಮನೆ ತೆರಿಗೆ ಬೇಡವಾದರೆ ಊರೊಳಗೆ ಬರುವ ಸರಕಿನ ಮೇಲೆ ಸುಂಕ ಹಾಕಿಕೊಳ್ಳಬಹುದು. ಮುಂಬಯಿ ಪ್ರಾಂತ್ಯದ ಊರುಗಳು ಈ ಎರಡನೆಯ ದಾರಿಯನ್ನೇ ಹಿಡಿದವು.

ಗುಜರಾತಿಗೆ ಅದು ಹೊಸದೂ ಅಲ್ಲ. ಅಹಮದಾಬಾದಿನಲ್ಲಿ 1830ರ ದಶಕದಲ್ಲೇ ಕೋಟೆಗೋಡೆಯ ದುರಸ್ತಿಗೆಂದು ಊರಿನ ಗಣ್ಯರೂ ಅಧಿಕಾರಿಗಳೂ ಸಮಿತಿ ಮಾಡಿಕೊಂಡು ತುಪ್ಪ ಮುಂತಾದ ಸರಕಿನ ಮೇಲೆ ಸುಂಕ ಎತ್ತಿದ್ದರು. ಅಲ್ಲಿನ ಪುರಸಭೆಯ ಬೇರು ಇರುವುದು ಆ ಗೋಡೆಯ ನಿಧಿಯಲ್ಲಿ.

ಸೂರತ್‌ನ ಕತೆಯಲ್ಲಿ ಮಾತ್ರ ಒಂದು ತಮಾಷೆಯಿದೆ, ಕಹಿಯಾದದ್ದು. ಸರ್ಕಾರ 1844ರಲ್ಲಿ ಹಳೆಯ ಊರಸುಂಕಗಳನ್ನು ರದ್ದು ಮಾಡಿ, ಆ ನಷ್ಟ ತುಂಬಿಕೊಳ್ಳಲು ಉಪ್ಪಿನ ಸುಂಕವನ್ನು ಮಣಕ್ಕೆ ಎಂಟಾಣೆಯಿಂದ ಒಂದು ರೂಪಾಯಿಗೆ ಏರಿಸಿತ್ತು. ಸೂರತ್ ಬೀದಿಗಿಳಿದು ಗಲಭೆ ಎಬ್ಬಿಸಿತು. ಸುಂಕ ಹನ್ನೆರಡಾಣೆಗೆ ಇಳಿಯಿತು. ಏರಿದ ನಾಲ್ಕಾಣೆ ಹಾಗೇ ಉಳಿಯಿತು. ಮುಂದೆ ರದ್ದಾಗಿದ್ದ ಊರಸುಂಕವೂ ಪುರಸಭೆಯ ಹೆಸರಿನಲ್ಲಿ ಮರಳಿ ಬಂತು. ಉಪ್ಪಿಗೂ ಕೊಟ್ಟರು, ತುಪ್ಪಕ್ಕೂ ಕೊಟ್ಟರು.

ಇದೇ ಕಾಯ್ದೆಯಡಿ ಬೆಳಗಾವಿಗೆ 1851ರಲ್ಲಿ, ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂತು. ಸೂರತ್‌ನಲ್ಲಿ ಜಕಾತ್ ಆದದ್ದು ಉತ್ತರ ಕರ್ನಾಟಕದ ಬಾಯಲ್ಲಿ ಜಕಾತಿ. ಮೂಲ ಅರಬಿಯಲ್ಲಿ ಈ ಪದಕ್ಕೆ ಧರ್ಮಕ್ಕಾಗಿ ಕೊಡಲೇಬೇಕಾದ ದಾನವೆಂಬ ಅರ್ಥ. ನಾಕಾದ ಮುಂದೆ ಗಾಡಿ ನಿಲ್ಲಿಸಿದ ರೈತನಿಗೆ ಅದರಲ್ಲಿ ದಾನವೇನೂ ಕಂಡಿರಲಾರದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆ ನಾಕಾದಲ್ಲಿ ನಡೆಯುತ್ತಿದ್ದುದನ್ನು ಬಿಡಿಸಿ ನೋಡಬೇಕು. ಹಳ್ಳಿಯಿಂದ ಕಾಳು, ತುಪ್ಪ, ಸೌದೆ ಬರುತ್ತದೆ. ಸುಂಕದವನು ತೂಗಿಸಿ, ಹಣ ಎಣಿಸಿಕೊಂಡು, ರಸೀದಿ ಹರಿದು ಒಳಗೆ ಬಿಡುತ್ತಾನೆ. ಊರಲ್ಲಿ ಖರ್ಚಾಗದೆ ಮುಂದಿನೂರಿಗೆ ಹೋಗುವ ಸರಕಿಗೆ ಹಣ ವಾಪಸು ಸಿಗಬೇಕೆಂಬುದು ನಿಯಮ. ಕಾಗದ ಪತ್ರ ಇಟ್ಟುಕೊಳ್ಳಬಲ್ಲ ದೊಡ್ಡ ವ್ಯಾಪಾರಿಗೆ ಅದು ಎಟಕುವ ನಿಯಮ. ಉಳಿದ ಸುಂಕ ಬೆಲೆಯೊಳಗೆ ಸೇರಿ ಕೊಳ್ಳುವವನ ತಲೆಗೆ ಬೀಳುತ್ತದೆ. ಗಳಿಸಿದ್ದೆಲ್ಲ ಹಿಟ್ಟು ಸೌದೆಗೇ ಸುರಿಯುವ ನೇಕಾರನ ಮನೆಗೆ ಇದು ಭಾರ, ಹವೇಲಿಯ ಸಾಹುಕಾರನಿಗೆ ಚಿಲ್ಲರೆ. ಸಾಹುಕಾರರಿಗೆ ಮನೆ ತೆರಿಗೆಗಿಂತ ಜಕಾತಿಯೇ ಹಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1880ರ ದಶಕದಲ್ಲಿ ರಿಪ್ಪನ್ ಸುಧಾರಣೆಯಿಂದ ಚುನಾವಣೆ ಬಂದಾಗಲೂ ಮತ ಸಿಕ್ಕಿದ್ದು ಆಸ್ತಿವಂತರಂಥ ಕೆಲವರಿಗೆ. ಗಾಡಿಯವನು ಪುರಸಭೆಗೆ ಹೊರಗಿನವ, ಅವನಿಗೆ ಮತದ ಮಾತೇ ಇಲ್ಲ.

ಹಾಗಂತ ಸೂರತ್‌ನ ವ್ಯಾಪಾರಿಗಳು ತೆರಿಗೆಗೆ ತಲೆಬಾಗುವವರಲ್ಲ. 1878ರಲ್ಲಿ ಲೈಸೆನ್ಸ್ ತೆರಿಗೆಯ ವಿರುದ್ಧ ಅಂಗಡಿ ಮುಚ್ಚಿದರು. ಗಲಭೆಯಾಗಿ ಪೊಲೀಸರು ಗುಂಡು ಹಾರಿಸಿದರು. ಅಸಹಕಾರ ಚಳವಳಿಯಲ್ಲಂತೂ ಸೂರತ್, ಅಹಮದಾಬಾದ್, ನಡಿಯಾದ್ ಪುರಸಭೆಗಳು ತಮ್ಮ ಶಾಲೆಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡು ಅನುದಾನವನ್ನೇ ನಿರಾಕರಿಸಿದವು. 1922ರಲ್ಲಿ ಸರ್ಕಾರ ಮೂರನ್ನೂ ವಜಾ ಮಾಡಿತು. ಅನುದಾನ ಬೇಡವೆನ್ನುವ ಆ ಧೈರ್ಯಕ್ಕೆ ಒಂದು ಕಾರಣ, ಪುರಸಭೆಗಳಿಗೆ ತಮ್ಮದೇ ಆದಾಯ ಇದ್ದದ್ದು. ಬಡವನ ಹಿಟ್ಟಿನಿಂದ ಬಂದ ಹಣ ಅದರಲ್ಲಿತ್ತು ಎಂಬುದೂ ನಿಜವೇ.

ಕರ್ನಾಟಕ 1979ರಲ್ಲೇ ಜಕಾತಿಯನ್ನು ತೆಗೆದುಹಾಕಿತು. ಗುಜರಾತಿನ ಸಣ್ಣ ಪುರಸಭೆಗಳಲ್ಲಿ ಅದು 2001ರಲ್ಲಿ ಹೋಯಿತು. ಸೂರತ್ ಸೇರಿದಂತೆ ಮಹಾನಗರಗಳಲ್ಲಿ 2007ರ ನವೆಂಬರ್‌ನಲ್ಲಿ. ನಾಕಾಗಳ ಮುಂದಿನ ಲಾರಿ ಸಾಲು ಕರಗಿತು. ಅದರ ಬದಲಿನ ಪರಿಹಾರದ ಹಣಕ್ಕೆ ಪಾಲಿಕೆಗಳು ಗಾಂಧಿನಗರದ ಕಡೆ ನೋಡತೊಡಗಿದವು.