ಒಬ್ಬ ಗುರು ಕಟ್ಟಿದ ಭಾಷೆ, ಊರವರು ಕಟ್ಟಿದ ವ್ಯಾಕರಣ

ಆದಿಕಾಂಡದ ಬಾಬೆಲ್ ಗೋಪುರದ ವೃತ್ತಾಂತವನ್ನು ಓದಿದವರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಭಾಷೆಗಳು ಹಲವಾದದ್ದು ಶಾಪವೇ? ಮನುಕುಲಕ್ಕೆ ಮತ್ತೆ ಒಂದೇ ಭಾಷೆಯನ್ನು ಕಟ್ಟಿಕೊಟ್ಟರೆ ದ್ವೇಷ ಅಳಿದೀತೇ? ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಕಥೋಲಿಕ ಗುರು ಇದಕ್ಕೆ ತಮ್ಮ ಬರೆಯುವ ಮೇಜಿನ ಮೇಲೆ ಉತ್ತರ ಹುಡುಕಿದರು. ನಮ್ಮ ಗಡಿಯಾಚೆಗಿನ ಒಂದು ಊರು ಯಾರೂ ಕೇಳದೆಯೇ ಬೇರೊಂದು ಉತ್ತರವನ್ನು ರೂಪಿಸಿತು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಇಲ್ಲಿನ ಉದ್ದೇಶ.

ಆ ಗುರುವಿನ ಹೆಸರು ಯೋಹಾನ್ ಮಾರ್ಟಿನ್ ಷ್ಲೈಯರ್ (1831-1912). ದಕ್ಷಿಣ ಜರ್ಮನಿಯ ಲಿಟ್ಸೆಲ್‌ಸ್ಟೆಟನ್ ಎಂಬ ಹಳ್ಳಿಯಲ್ಲಿ ಸೇವೆ ಸಲ್ಲಿಸುತ್ತಿದ್ದ ಅವರು, 1879ರ ಒಂದು ನಿದ್ರೆಯಿಲ್ಲದ ರಾತ್ರಿ ಜಗತ್ತಿಗೊಂದು ಭಾಷೆಯನ್ನು ರಚಿಸುವ ದೈವಪ್ರೇರಣೆ ತಮಗಾಯಿತೆಂದು ನಂಬಿದರು. ಹೀಗೆ ಹುಟ್ಟಿದ್ದು ‘ವೋಲಾಪ್ಯುಕ್’. ಲೋಕ ಎಂಬರ್ಥದ ‘ವೋಲ್’, ನುಡಿ ಎಂಬರ್ಥದ ‘ಪ್ಯುಕ್’, ನಡುವೆ ಷಷ್ಠಿಯ ‘ಆ’ ಸೇರಿ ಲೋಕದ ನುಡಿ ಎಂದಾಯಿತು.

ಅದರ ರಚನೆ ಕನ್ನಡ ಬಲ್ಲವರಿಗೆ ಅಪರಿಚಿತವೆನಿಸದು. ‘ದೊಮ್’ ಎಂದರೆ ಮನೆ. ‘ದೊಮಾ’ ಮನೆಯ, ‘ದೊಮೆ’ ಮನೆಗೆ, ‘ದೊಮಿ’ ಮನೆಯನ್ನು. ನಮ್ಮ ವಿಭಕ್ತಿಗಳಂತೆಯೇ ಪ್ರತ್ಯಯಗಳು ಪದದ ಕೊನೆಗೆ ಬಂದು ಕೂರುತ್ತವೆ. ಕಾಲವನ್ನು ಸೂಚಿಸುವ ಅಕ್ಷರ ಮಾತ್ರ ಕ್ರಿಯಾಪದದ ಮುಂದೆ ನಿಲ್ಲುತ್ತದೆ. ಧ್ವನಿಗಳ ವಿಷಯದಲ್ಲೂ ಷ್ಲೈಯರ್ ಕರುಣೆಯಿಂದ ಯೋಚಿಸಿದರು. ಚೀನೀಯರಿಗೂ ಮಕ್ಕಳಿಗೂ ವೃದ್ಧರಿಗೂ ಕಷ್ಟವಾದೀತೆಂದು ರಕಾರವನ್ನು ಬಹುಮಟ್ಟಿಗೆ ಕೈಬಿಟ್ಟರು. ಆದರೆ ತುಟಿ ದುಂಡಗೆ ಮಾಡಿ ನುಡಿಯಬೇಕಾದ ಜರ್ಮನ್ ಸ್ವರಗಳನ್ನು ಉಳಿಸಿಕೊಂಡರು. ಅವು ತಮಗೆ ಸುಲಭವಾದುದರಿಂದ ಪರರಿಗೂ ಸುಲಭವೆಂದೇ ಭಾವಿಸಿದಂತಿದೆ!

ಹತ್ತೇ ವರ್ಷಗಳಲ್ಲಿ ಸುಮಾರು 280 ಸಂಘಗಳೂ 25 ಪತ್ರಿಕೆಗಳೂ ಹುಟ್ಟಿದವು. 1889ರ ಪ್ಯಾರಿಸ್ ಸಮ್ಮೇಳನ ಈ ಭಾಷೆಯಲ್ಲೇ ನಡೆಯಿತು. ಆದರೆ ಅಲ್ಲಿಂದಲೇ ಒಡಕು ಬಲಿಯಿತು. ವ್ಯಾಕರಣವನ್ನು ಸರಳಗೊಳಿಸಬೇಕೆಂದು ಬಳಸುವವರು ಬಯಸಿದರು. ಅಂತಿಮ ಅಧಿಕಾರ ತಮ್ಮದೆಂದು ಷ್ಲೈಯರ್ ಪಟ್ಟುಹಿಡಿದರು. ಚಳವಳಿ ಬೇಗನೆ ಕುಸಿಯಿತು. 1887ರಲ್ಲಿ ಎಸ್ಪೆರಾಂಟೋ ಭಾಷೆಯನ್ನು ಪ್ರಕಟಿಸಿದ ಜಾಮೆನ್‌ಹಾಫ್ ಇದಕ್ಕೆ ಭಿನ್ನವಾಗಿ ತಮ್ಮ ಕೃತಿಯ ಒಡೆತನವನ್ನೇ ಬಿಟ್ಟುಕೊಟ್ಟರು. ಅವರ ಭಾಷೆಗೆ ಇಂದಿಗೂ ಬಳಕೆದಾರರಿದ್ದಾರೆ.

ಜಾಮೆನ್‌ಹಾಫ್ ಬೆಳೆದ ಬಿಯಾಲಿಸ್ಟಾಕ್ ನಗರದಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ಎಂಬ ನಾಲ್ಕು ಭಾಷೆಗಳು ಪರಸ್ಪರ ಸೆಣಸುತ್ತಿದ್ದವು. ನಾಲ್ಕು ಭಾಷೆಗಳ ಇನ್ನೊಂದು ಊರು ನಮಗೆ ಬಹು ಸಮೀಪದಲ್ಲಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಸಂತೆಗಳಲ್ಲಿ ಕನ್ನಡ ಮರಾಠಿಗಳು ಒಂದೇ ಬಾಯಲ್ಲಿ ಹೊರಳುವುದನ್ನು ನಾವು ನಿತ್ಯ ಕೇಳುತ್ತೇವೆ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅದರ ಮಗ್ಗುಲಲ್ಲೇ ಕುಪವಾಡ. ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ದಲಿತರೂ ಕೂಲಿಕಾರರೂ ಮರಾಠಿಯನ್ನು, ಮುಸಲ್ಮಾನ ರೈತರು ಉರ್ದುವನ್ನು, ಹಗ್ಗ ಹೊಸೆಯುವ ಕೆಲವು ಮನೆಗಳವರು ತೆಲುಗನ್ನು ಆಡುತ್ತಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಈ ಊರಿನ ಮಾತನ್ನು ಕುರಿತು 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ.

ಅವರು ಕಂಡದ್ದು ಇದು: ಪ್ರತಿಯೊಂದು ಭಾಷೆಯೂ ತನ್ನ ಪದಗಳನ್ನು ಉಳಿಸಿಕೊಂಡಿತ್ತು, ವಾಕ್ಯದ ಹಂದರ ಮಾತ್ರ ಬಹುಪಾಲು ಒಂದೇ ಆಗಿತ್ತು. ‘ಕೊಯ್ದು ತಗೊಂಡು ಬಂದೆ’, ‘ಕಾಪೂನ್ ಘೇಊನ್ ಆಲೋ’, ‘ಕಾಟ್ ಕೇ ಲೇ ಕೇ ಆಯಾ’ ಎಂಬ ಮಾತುಗಳನ್ನು ಪದಕ್ಕೆ ಪದವಿಟ್ಟು ಹೋಲಿಸಿದರೆ ಇದು ಹೊಳೆಯುತ್ತದೆ. ಗ್ರಾಂಥಿಕ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ಸಾಕು. ಅಲ್ಲಿನ ಕನ್ನಡ ಮರಾಠಿಯಂತೆ ‘ಐತಿ’ ಎಂಬ ಕ್ರಿಯಾಪದವನ್ನು ಕೊನೆಗೆ ಸೇರಿಸಿಕೊಂಡಿತು. ಗ್ರಾಂಥಿಕ ಮರಾಠಿಯಲ್ಲಿ ನದಿ ಸ್ತ್ರೀಲಿಂಗ, ಕಲ್ಲು ಪುಲ್ಲಿಂಗ. ಅಲ್ಲಿನ ಮರಾಠಿಯೋ ಕನ್ನಡದಂತೆ ಗಂಡು ಹೆಣ್ಣೆಂಬ ಭೇದವನ್ನು ಮನುಷ್ಯರಿಗೆ ಮೀಸಲಿಟ್ಟಿತು. ಒಬ್ಬರು ಒಂದನ್ನು ಬಿಟ್ಟುಕೊಟ್ಟರೆ ಇನ್ನೊಬ್ಬರು ಮತ್ತೊಂದನ್ನು ಬಿಟ್ಟುಕೊಟ್ಟರು. ಹೊಲದಲ್ಲಿ, ಅಂಗಡಿಯಲ್ಲಿ ಶತಮಾನಗಳ ಕಾಲ ನಡೆದ ಈ ಕೊಡುಕೊಳೆಗೆ ಕರ್ತೃವಿಲ್ಲ, ಸಮ್ಮೇಳನವಿಲ್ಲ, ಅಂತಿಮ ಅಧಿಕಾರ ಕೇಳುವವರೂ ಇಲ್ಲ.

ಹಾಗೆಂದು ಕುಪವಾಡವನ್ನು ಸ್ವರ್ಗವೆಂದು ಬಣ್ಣಿಸಲಾಗದು. ಇಷ್ಟು ಹತ್ತಿರವಾದ ಭಾಷೆಗಳು ಬೆರೆತು ಒಂದೇ ಏಕೆ ಆಗಲಿಲ್ಲ? ವಿದ್ವಾಂಸರ ಉತ್ತರ ನಮ್ಮನ್ನು ಚುಚ್ಚುವಂಥದು. ದುಡಿಮೆಯ ಬದುಕು ಒಂದಾಗಿದ್ದರೂ ಮನೆಯ ಬದುಕು ಜಾತಿಜಾತಿಗೆ ಬೇರೆಯಾಗಿತ್ತು. ಮನೆಮಾತು ಆ ಬೇರ್ಪಡೆಯ ಗುರುತಾಗಿ ಉಳಿಯಿತು. ವಾಕ್ಯಗಳು ಒಂದಾದವು, ಹೊಸ್ತಿಲುಗಳು ಒಂದಾಗಲಿಲ್ಲ.

1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯದ ಧರ್ಮಸಭೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಪ್ರಾರ್ಥಿಸುವ ಸಭೆ. ಯಾವ ಪೂಜೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಇಂಥ ಸಭೆಗೆ ಹೊಸದಲ್ಲ. ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಒಂದು ಹೊಸ ಭಾಷೆಯನ್ನು ಕೊಡಲಿಲ್ಲವೆಂಬುದನ್ನು ನಾವು ನೆನೆಯಬೇಕು. ನೆರೆದವರು ತಮ್ಮ ತಮ್ಮ ನುಡಿಗಳಲ್ಲೇ ಶುಭಸಂದೇಶವನ್ನು ಕೇಳಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮನೆಮನೆಗಳಲ್ಲಿ ಒಟ್ಟಾಗಿ ರೊಟ್ಟಿಯನ್ನೂ ಮುರಿದರು.

ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುವವನನ್ನು ಹೊರಗಿಟ್ಟರೆ ‘ಆಮ್ಹಿ’, ಒಳಗೊಂಡರೆ ‘ಆಪಣ’. ಕುಪವಾಡದ ಉರ್ದು ಕೂಡ ಈ ಸೂಕ್ಷ್ಮವನ್ನು ಕಲಿತುಕೊಂಡಿತು. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಅದರಲ್ಲಿ ನೆರೆಯವನಿಗೆ ಎಡೆಯಿದೆಯೋ ಇಲ್ಲವೋ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ; ನಮ್ಮ ಹೊಸ್ತಿಲು ಹೇಳುತ್ತದೆ.