ಐ ವಿರುದ್ಧ ಫಿನ್‌ಲೆಂಡ್ ಪ್ರಕರಣ

ದುಡಿಯುವ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯುವ ನೌಕರರ ಗೋಪ್ಯತೆ ಕುರಿತು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರ ಜುಲೈ 17ರಂದು ನೀಡಿದ ತೀರ್ಪು. ‘ಐ’ ಎಂದಷ್ಟೇ ಗುರುತಿಸಲಾದ ಅರ್ಜಿದಾರರು ಸರ್ಕಾರಿ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದ ನರ್ಸ್. ಅಲ್ಲಿನ ಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಸಹೋದ್ಯೋಗಿಗಳಿಗೆ ವಿಷಯ ತಿಳಿದಿದೆಯೆಂಬ ಅನುಮಾನ 1992ರ ಆರಂಭದಲ್ಲಿ ಅವರನ್ನು ಕಾಡತೊಡಗಿತು. ಆಗ ರೋಗಿಗಳ ದಾಖಲೆ ಸಿಬ್ಬಂದಿಗೆಲ್ಲ ತೆರೆದಿತ್ತು. ದೂರಿನ ನಂತರ ಚಿಕಿತ್ಸೆ ನೀಡುವ ವಿಭಾಗದವರಿಗಷ್ಟೇ ದಾಖಲೆ ಕಾಣುವಂತೆ ಮಾಡಿ, ಅರ್ಜಿದಾರರ ಹೆಸರನ್ನೂ ಬದಲಿಸಿ ನಮೂದಿಸಲಾಯಿತು.

ಆದರೆ ನೋಡಿದವರು ಯಾರು? ಕಂಪ್ಯೂಟರ್ ವ್ಯವಸ್ಥೆ ಕೊನೆಯ ಐದು ವೀಕ್ಷಣೆಗಳನ್ನು ಮಾತ್ರ ತೋರಿಸುತ್ತಿತ್ತು. ಅದೂ ವ್ಯಕ್ತಿಯ ಹೆಸರಲ್ಲ, ವಿಭಾಗದ ಹೆಸರು. ಪುರಾವೆ ಸಾಲದೆಂದು ಫಿನ್‌ಲೆಂಡಿನ ನ್ಯಾಯಾಲಯಗಳು ಪರಿಹಾರ ನಿರಾಕರಿಸಿದವು. ಆಸ್ಪತ್ರೆಯೇ ಇಡದ ಪುರಾವೆಯನ್ನು ರೋಗಿಯಿಂದ ಕೇಳಿದ್ದು ದೊಡ್ಡ ಅನ್ಯಾಯ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಮಾನವ ಹಕ್ಕುಗಳ ನ್ಯಾಯಾಲಯದ ನ್ಯಾಯಾಧೀಶರು ಇದನ್ನು ಗುರುತಿಸಿ, ಖಾಸಗಿ ಬದುಕನ್ನು ಕಾಯುವ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಉಲ್ಲಂಘನೆಯಾಗಿದೆಯೆಂದರು. ಹಾನಿಯಾದ ಮೇಲೆ ಪರಿಹಾರ ಕೇಳುವ ಅವಕಾಶವಷ್ಟೇ ಸಾಲದು, ಅನಧಿಕೃತ ವೀಕ್ಷಣೆಯನ್ನು ಮೊದಲೇ ತಡೆಯುವ ರಕ್ಷಣೆ ಇರಬೇಕು ಎಂಬುದು ತೀರ್ಪಿನ ತಿರುಳು.